ಕಾಲು ಕಳೆದುಕೊಂಡ ತಮಾಷೆ

ಕನ್ನಡದಲ್ಲಿ ತಮಾಷೆ ಎಂದರೆ ನಗೆಮಾತು. ಉರ್ದುವಿನಲ್ಲಿ 'ತಮಾಶಾ' ಎಂದರೆ ನೋಡತಕ್ಕ ನೋಟ. ಇನ್ನೂ ಹಿಂದಕ್ಕೆ, ಅರಬಿ ಮೂಲಕ್ಕೆ ಹೋದರೆ ಅಲ್ಲಿ ನಗುವೂ ಇಲ್ಲ, ನೋಟವೂ ಇಲ್ಲ, ಇರುವುದು ನಡಿಗೆ. ಜೊತೆಗೂಡಿ ನಡೆಯುವುದು ಎಂಬ ಅರ್ಥದ ಪದ ಪಾರಸಿಗೆ ಬಂದು ಸುತ್ತಾಡಿ ನೋಡುವುದಾಯಿತು, ಉರ್ದುವಿನಲ್ಲಿ ಬರೀ ನೋಟವಾಯಿತು, ನಮ್ಮಲ್ಲಿಗೆ ಬರುವಷ್ಟರಲ್ಲಿ ಹಾಸ್ಯವಾಯಿತು. ಪದಗಳು ಹೀಗೆ ಬದಲಾಗುವುದು ಸಹಜ. ಆದರೆ ಬಿಡುವಿನ ದಿನಗಳನ್ನು ನಾವು ಕಳೆಯುವ ರೀತಿ ನೋಡಿದರೆ ಈ ಪದದ ಕತೆ ನಮ್ಮದೂ ಹೌದು ಅನ್ನಿಸುತ್ತದೆ.

'ವಾರಾಂತ್ಯ' ಎಂಬ ಮಾತು ನಮ್ಮ ಬಳ್ಳಾರಿಗೆ ಬಂದದ್ದು ತಡವಾಗಿ. ಕಚೇರಿಗಳಿಗೆ ಭಾನುವಾರವಿದೆ. ತುಂಡು ಲೆಕ್ಕದಲ್ಲಿ ಜೀನ್ಸ್ ಹೊಲಿಯುವವರಿಗೆ, ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವವರಿಗೆ ರಜೆ ಎಂದರೆ ಕೂಲಿ ಇಲ್ಲದ ದಿನ. ಆದರೂ ಮನರಂಜನೆ ಇಲ್ಲದೆ ಯಾರೂ ಬದುಕಿಲ್ಲ. ಊರಿನ ಬಯಲಾಟಕ್ಕೆ ಜನ ಚಾಪೆ, ಕಂಬಳಿ ಹೊತ್ತು ಹೋಗಿ ಬೆಳಗಿನ ತನಕ ಕೂರುತ್ತಿದ್ದರು. ಕುರುಗೋಡಿನಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಆ ಭಾರೀ ಬಸವಣ್ಣನ ಜಾತ್ರೆಗೆ ಬಂಡಿ ಕಟ್ಟುತ್ತಿದ್ದರು. ಬಳ್ಳಾರಿಯ ಟಾಕೀಸುಗಳಲ್ಲಿ ತೆಲುಗು ಸಿನಿಮಾವೂ ನಮ್ಮದೇ, ಕನ್ನಡವೂ ನಮ್ಮದೇ. ನಿಜ ಹೇಳಬೇಕೆಂದರೆ ಸಿನಿಮಾಕ್ಕಿಂತ ಆಮೇಲಿನ ಒಗ್ಗರಣೆ, ಮಿರ್ಚಿಯ ಮುಂದೆ ನಡೆಯುತ್ತಿದ್ದ ಜಗಳವೇ ಹೆಚ್ಚು ರುಚಿಯಾಗಿರುತ್ತಿತ್ತು. ಯಾವ ನಾಯಕ ದೊಡ್ಡವನು ಎಂಬ ಆ ವಾದ ಇವತ್ತಿಗೂ ಇತ್ಯರ್ಥವಾಗಿಲ್ಲ.

ಈಗ ಲೋಕದ ಅಚ್ಚರಿಗಳೆಲ್ಲ ಅಂಗೈಯಲ್ಲಿವೆ. ಎಲ್ಲೋ ಹಿಮದಲ್ಲಿ ಜಾರುವ ಕರಡಿ, ಇನ್ನೆಲ್ಲೋ ಸಮುದ್ರದ ತಳದ ಊರು. ಹೀಗೆ ಹೆಬ್ಬೆರಳು ಸರಿಸುತ್ತಾ ಹೋದರೆ ಒಂದು ದಿನ ಬಳ್ಳಾರಿಯೇ ಎದುರಾಗುತ್ತದೆ: 'ಹಾಡುವ ಕಲ್ಲುಗಳು.' ಸಂಗನಕಲ್ಲು, ಕಪ್ಪಗಲ್ಲು ಕಡೆಯ ಹಿರೇಗುಡ್ಡದಲ್ಲಿ ಕರಿಗಲ್ಲಿನ ಬಂಡೆಗಳಿವೆ. ಅವುಗಳ ಮೇಲೆ ಉದ್ದ ಕೊಂಬಿನ ದನಗಳು, ಮನುಷ್ಯರು. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ಬಡಿದರೆ ಜಾಗಟೆಯಂಥ ನಾದ ಹೊರಡುತ್ತದೆ. ನವಶಿಲಾಯುಗದ ದನಗಾಹಿಗಳು, ಕಲ್ಲಿನ ಕೊಡಲಿ ಮಾಡುತ್ತಿದ್ದವರು ಇದ್ದ ಜಾಗ ಅದು. ಕೆಲವು ಚಿತ್ರಗಳು ಎಂಥ ಇಕ್ಕಟ್ಟಿನಲ್ಲಿವೆಯೆಂದರೆ, ಕೆತ್ತಿದವನು ಜೋತುಬಿದ್ದೇ ಕೆತ್ತಿರಬೇಕು. 1892ರಲ್ಲೇ ಇಂಗ್ಲಿಷರು ಇದನ್ನು ಕಂಡಿದ್ದರು. ಆಮೇಲೆ ಹುಡುಕಿ ಬಂದ ಕೆಲವರಿಗೆ ಜಾಗವೇ ಸಿಗಲಿಲ್ಲ. 2004ರಲ್ಲಿ ನಿಕೋಲ್ ಬೊಯ್ವಿನ್ ಎಂಬ ವಿದ್ವಾಂಸೆ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬರೆದಾಗ ಬಿಬಿಸಿ ಸುದ್ದಿ ಮಾಡಿತು. ಜಗತ್ತು ಬೆರಗಾಯಿತು. ಊರಿನಿಂದ ಎಂಟು ಕಿಲೋಮೀಟರ್ ಆಸುಪಾಸಿನಲ್ಲಿರುವ ನಾವೂ ಬೆರಗಾದೆವು, ಲಂಡನ್ನಿನವರಷ್ಟೇ ದೂರದಿಂದ.

ಕೋಟೆಯ ಕತೆಯೂ ಹೀಗೇ. ಹೈದರಾಲಿ ಬಳ್ಳಾರಿಯಲ್ಲಿ ಕೋಟೆ ಕಟ್ಟಿಸಿದ. ಎದುರಿನ ಕುಂಬಾರ ಗುಡ್ಡ ಅದಕ್ಕಿಂತ ಎತ್ತರವಿದೆ ಎಂದು ಆಮೇಲೆ ತಿಳಿದು ಫ್ರೆಂಚ್ ಇಂಜಿನಿಯರನನ್ನು ನೇಣಿಗೆ ಹಾಕಿಸಿದ ಎಂಬ ಐತಿಹ್ಯ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಪೂರ್ವದ ಬಾಗಿಲ ಬಳಿಯ ಗೋರಿ ಅವನದೇ ಎಂದೂ ಸೇರಿಸುತ್ತಾರೆ. ಆದರೆ ಆ ಗೋರಿ ಒಬ್ಬ ಮುಸ್ಲಿಂ ಸಂತರದು ಎಂಬ ನಂಬಿಕೆಯೂ ಇದೆ. ಈ ಎರಡನೆಯ ಮಾತು ಮಾತ್ರ ಹಾರುವುದಿಲ್ಲ. ನೇಣಿನಲ್ಲಿರುವ ರೋಚಕತೆ ಸಂತನಲ್ಲಿ ಎಲ್ಲಿಂದ ಬರಬೇಕು! ಅದೇ ಗೋರಿಯ ಮುಂದೆ ನಿಂತರೆ ಎರಡೂ ಮಾತು ಕಿವಿಗೆ ಬೀಳುವ ಸಾಧ್ಯತೆಯಾದರೂ ಇರುತ್ತದೆ.

ಹಾಗೆಂದು ಮೊಬೈಲನ್ನು ಬಯ್ಯುವ ಪಂಡಿತರ ಸಾಲಿನಲ್ಲಿ ನಾವು ನಿಲ್ಲಲಾರೆವು. ಟಾಕೀಸಿಗೆ ಹೋಗಲು ಅಪ್ಪಣೆ ಸಿಗದ ಹೆಣ್ಣುಮಗಳಿಗೆ, ಮಂಡಿ ನೋವಿನ ಅಜ್ಜಿಗೆ, ಮಿಷನ್ ಬಿಟ್ಟು ಏಳಲಾಗದ ದರ್ಜಿಗೆ ಅದೊಂದು ಕಿಟಕಿ. ಗುಡ್ಡ ಹತ್ತಲಾಗದವರು ಕಲ್ಲಿನ ನಾದ ಕೇಳಬಾರದೆಂದು ಹೇಳಲು ನಾವು ಯಾರು? ನಮ್ಮ ತಕರಾರು ಕಿಟಕಿಯ ಮೇಲಲ್ಲ. 'ನೋಡಿದ್ದಾಯಿತು' ಎಂಬ ಮಾತಿನ ಮೇಲೆ. ಕಾಲೆಳೆದು ಹೋದವನು ಬಿಸಿಲು, ಮುಳ್ಳು, ಜೊತೆಯವರ ಗೊಣಗಾಟ ಎಲ್ಲವನ್ನೂ ತೆತ್ತಿರುತ್ತಾನೆ. ಹಾಗೆ ತೆತ್ತು ಪಡೆದದ್ದು ಹಾಳಾದರೆ ಅವನಿಗೆ ನೋಯುತ್ತದೆ. ಏನೂ ತೆರದೆ ಕಂಡದ್ದು ಅಳಿದರೆ, ಅದರ ಅಳಿವೂ ಇನ್ನೊಂದು ಸ್ವಾರಸ್ಯದ ಸುದ್ದಿಯಾಗುತ್ತದೆ. ಅದಕ್ಕೂ ಒಂದು ಅಳುವ ಮುಖದ ಚಿಹ್ನೆ ಒತ್ತಿ ಮುಂದೆ ಸರಿಯುತ್ತೇವೆ.

ಇದು ಬರೀ ಮಾತಿನ ಚಮತ್ಕಾರವಲ್ಲ. 2004ರ ಆ ಸುದ್ದಿಯಲ್ಲೇ ಇನ್ನೊಂದು ವಾಕ್ಯವಿತ್ತು: ಕಲ್ಲು ಗಣಿಗಾರಿಕೆಯಿಂದ ಆ ಜಾಗಕ್ಕೆ ಅಪಾಯವಿದೆ, ಕೆಲವು ಭಾಗ ಆಗಲೇ ಹಾಳಾಗಿದೆ. ಗಣಿಯ ದುಡ್ಡು ಏನೇನು ಮಾಡಬಲ್ಲದು ಎಂಬುದನ್ನು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಂಡೆಯ ಮೇಲೆ ಸುತ್ತಿಗೆ ಎತ್ತುವವನು ಗಣಿಯ ಒಡೆಯನಲ್ಲ, ಭಾನುವಾರವಿಲ್ಲದ ಕೂಲಿಯವನು. ಅವನಿಗೆ ಆ ದಿನದ ಅಕ್ಕಿ ಬೇಕು. ಕಲ್ಲು ಉಳಿಯಬೇಕು, ಅವನ ಒಲೆಯೂ ಉರಿಯಬೇಕು ಎಂದು ಒಡೆಯನ ಹತ್ತಿರ, ಸರಕಾರದ ಹತ್ತಿರ ವಾದಿಸುವವರು ಯಾರು? ಆ ವಾದಕ್ಕೆ ಗುಡ್ಡದ ದಾರಿ ಗೊತ್ತಿರುವ ನಾಲ್ಕು ಜನ ಬೇಕು, ಆ ಕೂಲಿಯವನ ಹೆಸರು ಕೇಳಿ ಬಂದವರು ಬೇಕು. ಸದ್ಯಕ್ಕೆ ನಮ್ಮ ಹತ್ತಿರ ಇರುವುದು ಎರಡು ನಿಮಿಷದ ಒಂದು ವಿಡಿಯೋ. ಅದನ್ನು ಕಳಿಸಿದವರು ಯಾರೆಂಬುದೂ ಮರೆತುಹೋಗಿದೆ.