ವಾಯಿದೆ ಇಲ್ಲದ ಸಾಲ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವನಿಗೆ ನಿವೃತ್ತಿಯ ಮೇಲೆ, ಪುಣೆಯ ಮನೆಯಲ್ಲಿ ಕೂತು, ಪ್ರೋಗ್ರಾಮಿಂಗ್ ಕಲಿಯುವ ಹುಚ್ಚು ಹತ್ತಿತು. ಪಕ್ಕದ ಮನೆ ಹುಡುಗ ‘ವಿಮ್’ ಅನ್ನೋ ಎಡಿಟರ್ ಹಾಕಿಕೊಟ್ಟ. ಕಷ್ಟ, ಆದರೆ ಒಮ್ಮೆ ಕೈಗೆ ಬಂದರೆ ಬಿಡೋದಿಲ್ಲ ಅಂದ.

ಮೊದಲ ದಿನ ಕೀಲಿ ಒತ್ತಿದರೆ ಅಕ್ಷರ ಮೂಡದೆ ಸಾಲೇ ಮಾಯ! ಹೊರಗೆ ಬರೋಣ ಅಂದರೆ ದಾರಿ ಗೊತ್ತಿಲ್ಲ. ಆಮೇಲೆ ತಿಳಿಯಿತು: ಇಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ‘ಐ’ ಒತ್ತಿದರೆ ಬರವಣಿಗೆ. ‘ಎಸ್ಕೇಪ್’ ಒತ್ತಿದ ಮೇಲೆ ಅದೇ ಕೀಲಿಗಳೆಲ್ಲ ಆಜ್ಞೆ. ‘ಡಿ’ ಎರಡು ಸಲ ಒತ್ತಿದರೆ ಸಾಲು ಹೋಗುತ್ತೆ, ‘ಯು’ ಒತ್ತಿದರೆ ವಾಪಸ್ ಬರುತ್ತೆ. ಪರಊರಲ್ಲಿ ಬದುಕಿದವರಿಗೆ ಇದೇನು ಹೊಸದಲ್ಲ. ಬಾಗಿಲೊಳಗೆ ಕನ್ನಡ, ಮೆಟ್ಟಿಲಿಳಿದರೆ ಮರಾಠಿ. ಯಾವುದರಲ್ಲಿದ್ದೇವೆ ಅನ್ನೋದು ಮರೆತರೆ ಎಡವಟ್ಟು. ಅರ್ಧ ಗಂಟೆಯ ಪಾಠ ಅಂದದ್ದು ನನಗೆ ನಾಲ್ಕು ದಿನ ಹಿಡಿಯಿತು.

ನನ್ನನ್ನು ಕಾಡಿದ್ದು ಮಾತ್ರ ಬೇರೆ. ವಿಮ್ ತೆರೆದಾಗ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಕಂಡಿತು. ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ಇದನ್ನು ಹೊರತಂದರು. ಆಮೇಲೆ ಉಗಾಂಡದಲ್ಲಿ ಸ್ವತಃ ಕೆಲಸ ಮಾಡಿ ಬಂದರು. ಎಡಿಟರ್ ಪುಕ್ಕಟೆ. ಉಪಯೋಗವಾದರೆ ಆ ಮಕ್ಕಳಿಗೆ ಏನಾದರೂ ಕೊಡಿ ಅಂತಷ್ಟೇ ಕೇಳಿಕೊಂಡರು. 2023ರಲ್ಲಿ ತೀರಿಕೊಂಡರು.

ಕೊಟ್ಟವರು ವಾಪಸ್ ಕೇಳದೆ ಹೋದರೆ ಅದು ಸಾಲವೇ? ವಾಯಿದೆ ಇಲ್ಲ, ಜಾಮೀನಿಲ್ಲ, ಪತ್ರವಿಲ್ಲ. ಅಲ್ಲ ಅಂತಲೇ ಬ್ಯಾಂಕಿನವನ ಬುದ್ಧಿ ಹೇಳಿತು. ದಾನವನ್ನು ಸಾಲ ಅನ್ನೋದು ಕೊಟ್ಟವರಿಗೇ ಅವಮಾನ ಅಂತಲೂ ವಾದಿಸಬಹುದು. ಆದರೆ ನಮ್ಮ ಕಾನೂನೇ ಇನ್ನೊಂದು ಮಾತು ಕಲಿಸಿದೆ ನೋಡಿ. 1963ರ ಕಾಲಮಿತಿ ಕಾಯ್ದೆಯಲ್ಲಿ ಸಾಮಾನ್ಯ ಸಾಲದ ದಾವೆಗೆ ಮೂರು ವರ್ಷ. ಅದು ಕಳೆದರೆ ಕೋರ್ಟಿನ ದಾರಿ ಮುಚ್ಚುತ್ತೆ, ಸಾಲ ಸಾಯೋದಿಲ್ಲ. ಅದಕ್ಕೇ ಅವಧಿ ಮುಗಿಯುವ ಮುಂಚೆ ನಾವು ಸಾಲಗಾರರಿಂದ ಬಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಿದ್ದೆವು. ಆ ಸಾಲು ನನಗೆ ಅಂಥದೇ ಪತ್ರವಾಗಿ ಕಂಡಿತು.

ಹಳೆಯ ಬಾಕಿಯೊಂದು ನೆನಪಾಯಿತು. 1986ರಲ್ಲಿ ವರ್ಗವಾಗಿ ಇಲ್ಲಿಗೆ ಬಂದಾಗ ಮನೆ ಮಾಲೀಕರ ತಾಯಿ ದಿನಾ ಸಂಜೆ ಕೂರಿಸಿಕೊಂಡು ಮರಾಠಿ ಕಲಿಸಿದರು. ನಗಲಿಲ್ಲ, ಬೇಸರಪಡಲಿಲ್ಲ. ಬೇರೆ ಬಡಾವಣೆಗೆ ಹೋದ ಮೇಲೆ ಒಂದು ಸಲವೂ ನಾನು ಅವರನ್ನು ನೋಡಲು ಹೋಗಲಿಲ್ಲ. ಈಗ ಅವರಿಲ್ಲ.

ಉಗಾಂಡದ ಮಕ್ಕಳಿಗೆ ಸಣ್ಣ ಮೊತ್ತ ಕಳಿಸಿದೆ. ಅದು ಸುಲಭ. ಆ ಅಜ್ಜಿಯ ಖಾತೆಗೆ ಜಮಾ ಮಾಡುವುದು ಹೇಗೆ? ನಮ್ಮ ಬೀದಿಯ ಕಟ್ಟಡ ಕೆಲಸಕ್ಕೆ ಕಲಬುರಗಿ ಕಡೆಯ ಸಂಸಾರವೊಂದು ಬಂದಿದೆ. ಅವರ ಹುಡುಗ ಮರಾಠಿ ಶಾಲೆಯಲ್ಲಿ ತಡವರಿಸುತ್ತಾನೆ. ಸಂಜೆ ಅವನನ್ನು ಕೂರಿಸಿಕೊಳ್ಳುತ್ತೇನೆ. ಅಸಲು ತೀರುತ್ತೆ ಅನ್ನೋ ಭ್ರಮೆ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿಯನ್ನಂತೂ ಹಾಕುತ್ತಿದ್ದೇನೆ.