ದೇವರಿಗೂ ಮೂರು ಪ್ರಾಯ

ನಂದಿಬೆಟ್ಟದ ಬುಡದಲ್ಲಿ, ಚಿಕ್ಕಬಳ್ಳಾಪುರಕ್ಕೆ ಹತ್ತಿರದಲ್ಲಿರುವ ಭೋಗನಂದೀಶ್ವರನ ಗುಡಿಯೊಳಗೆ ಬೆಳಕು ಕಪ್ಪುಕಲ್ಲಿನ ಕಂಬಗಳನ್ನು ಏರುವುದು ಬಹಳ ನಿಧಾನ. ಮೊದಲು ಬಳ್ಳಿಯ ಸುರುಳಿ, ಆಮೇಲೆ ಎಲೆಮರೆಯ ಹಕ್ಕಿ, ಎಷ್ಟೋ ಹೊತ್ತಿಗೆ ಶಿವಪಾರ್ವತಿಯರ ಮೊಗ, ಹೀಗೆ ಒಂದೊಂದೇ ಕಣ್ಣಿಗೆ ಬರುತ್ತವೆ, ಹಿಂದೆ ಸ್ಟುಡಿಯೊದ ಕತ್ತಲೆಕೋಣೆಯಲ್ಲಿ ತಟ್ಟೆಯ ನೀರಿನಿಂದ ಮುಖಗಳು ಮೂಡುತ್ತಿದ್ದ ಹಾಗೆ.

ಇಲ್ಲಿಯ ಶಿವನಿಗೆ ಪ್ರಾಯವಿದೆ. ಅರುಣಾಚಲೇಶ್ವರನಾಗಿ ಅವನು ಬಾಲಕ, ಭೋಗನಂದೀಶ್ವರನಾಗಿ ತುಂಬು ಯೌವನದವನು, ನಡುವಿನ ಉಮಾಮಹೇಶ್ವರನ ಗುಡಿಯಲ್ಲಿ ಮದುಮಗ; ಮೇಲೆ, 1,478 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿ, ಎಲ್ಲವನ್ನೂ ಬಿಟ್ಟು ಕೂತ ಯೋಗನಂದೀಶ್ವರ. 806ರ ಶಾಸನದ ಕಾಲದಿಂದ ಬೇರೆ ಬೇರೆ ಅರಸರು ಬೇರೆ ಬೇರೆ ಕಾಲಕ್ಕೆ ಕಟ್ಟಿಸುತ್ತ ಹೋದದ್ದನ್ನು ಜನ ಒಬ್ಬನೇ ಗಂಡಸಿನ ಬಾಳೆಂದು ಓದಿಕೊಂಡರಲ್ಲ, ನನಗೆ ಅದೇ ಬೆರಗು.

ನಮ್ಮ ಗಂಡಸರ ಪಟಗಳಲ್ಲಿ ಆ ಧಾರಾಳವಿಲ್ಲ. ಗೌರಿಬಿದನೂರಾಗಲಿ ಚಿಂತಾಮಣಿಯಾಗಲಿ, ಹಳೆಯ ಮನೆಗಳ ನಡುಮನೆಯ ಗೋಡೆ ನೋಡಿ: ಸ್ಟುಡಿಯೊ ಕುರ್ಚಿಯಲ್ಲಿ ಎದೆ ಸೆಟೆಸಿ, ಮುಷ್ಟಿಯನ್ನು ತೊಡೆಯ ಮೇಲೂರಿದ ಮದುಮಗ ಒಂದು ಕಡೆ, ಗಂಧದ ಹಾರ ಬಿದ್ದ ಅದೇ ಮನುಷ್ಯ ಇನ್ನೊಂದು ಕಡೆ. ಎರಡರ ನಡುವೆ ಹರಿದುಹೋದ ಕಾಲ, ನೀರು ಬಾರದ ಕೊಳವೆಬಾವಿಯ ಬಿಳಿಧೂಳು, ಹೆಂಡತಿಯ ಹೆರಳಿಗೆಂದು ಕನಕಾಂಬರವನ್ನು ಯಾರಿಗೂ ಕಾಣದಂತೆ ಜೇಬಿನಲ್ಲಿಟ್ಟು ತಂದ ಸಂಜೆ, ಕನ್ನಡಿಯಲ್ಲಿ ಮೊದಲ ನರೆ ಕಂಡ ಬೆಳಗು, ಇವು ಯಾವ ಕ್ಯಾಮೆರಾಕ್ಕೂ ಸಿಗಲಿಲ್ಲ.

ಆ ನಡುಗಾಲದತ್ತಲೇ ಕ್ಯಾಮೆರಾ ತಿರುಗಿಸಿದವರು ಉಮ್ರಾವ್ ಸಿಂಗ್ ಶೇರ್‌ಗಿಲ್, ಚಿತ್ರಕಲಾವಿದೆ ಅಮೃತಾ ಅವರ ತಂದೆ. ದಶಕಗಳುದ್ದಕ್ಕೂ ತಮ್ಮದೇ ಪಟ ತೆಗೆದುಕೊಂಡರು. 1930ರಲ್ಲಿ, ಹದಿನೈದು ದಿನದ ಉಪವಾಸ ಮುಗಿಸಿ ಬರಿಮೈಯಲ್ಲಿ ನಿಂತ ಪಟವೊಂದಿದೆ. ಅರವತ್ತರ ಆ ಒಣಕಲು ದೇಹ ಗಂಡಸುತನವನ್ನು ತೋರಿಸಲೂ ಹೊರಟಿಲ್ಲ, ಮುಚ್ಚಲೂ ಇಲ್ಲ.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಯೊಂದರಲ್ಲಿ, ಬೆಂದ ಗೂಡಿನ ಕಮಟು ಆವಿಯ ನಡುವೆ ಕೂತಿದ್ದ ಹಿರಿಯರೊಬ್ಬರ ಬೆರಳುಗಳು ನೆನಪಾಗುತ್ತವೆ: ಬಿಸಿನೀರಲ್ಲಿ ನೆನೆದು ನೆನೆದು ಬಿಳಿಚಿ ಸುಕ್ಕುಗಟ್ಟಿದ ತುದಿಗಳು, ಆದರೆ ಕಣ್ಣಿಗೂ ಸಿಗದಷ್ಟು ಸಣ್ಣ ಎಳೆಯನ್ನು ತಡವಿ ಹುಡುಕುವಾಗ ಅವಕ್ಕೆ ಎಲ್ಲಿಂದಲೋ ಬರುವ ನಯ, ಯಾರದೋ ಮುಂಗುರುಳು ಸರಿಸುವಂಥ ಮೆಲುಪು. ಒಂದು ಪಟ ತೆಗೆಯಲೇ ಎಂದಾಗ, "ನಂದೇನ್ ತೆಗೀತೀಯಪ್ಪ, ವಯಸ್ಸಾಯ್ತು" ಎಂದರು. ಅನ್ನುತ್ತಲೇ ಹೆಗಲ ಟವಲಿನಿಂದ ಮುಖ ಒರೆಸಿ, ಮೀಸೆಯ ಎರಡೂ ತುದಿಗಳನ್ನು ಮೆಲ್ಲಗೆ ತೀಡಿಕೊಂಡರು. ಬೆಟ್ಟದ ಮೇಲಿನವನೂ ಕೆಳಗಿನವನೂ ಆಗ ಒಂದೇ ಮುಖದಲ್ಲಿದ್ದರು.

ಹೊಸದಾಗಿ ಮದುವೆಯಾದವರು ಉಮಾಮಹೇಶ್ವರನಿಗೆ ಕೈಮುಗಿಯಲು ನಂದಿಗೆ ಬರುತ್ತಾರೆ. ನೀವೂ ಹೋಗುವಿರಾದರೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಅಪ್ಪನ ತಲೆಗೆ ಬಣ್ಣ ಬೇಡ, ಇಸ್ತ್ರಿಯ ಷರಟೂ ಬೇಡ. ಅವರು ಅಮ್ಮನ ಕಡೆ ತಿರುಗುವ ತನಕ ಕಾದಿದ್ದು ಪಟ ತೆಗೆಯಿರಿ.