ಸಂತಾನ ನಿಯಮನದ ಭಾರವನ್ನು ಹೊರುವವರು ಯಾರು?

ನಮ್ಮ ಸಭೆಗಳಲ್ಲಿ ಮದುವೆಯಾದರೆ ಎಲ್ಲರೂ ಕೂಡಿ ಹರಸುತ್ತೇವೆ. ಕೂಸಿಗೆ ದೀಕ್ಷಾಸ್ನಾನವಾದರೆ ಎಲ್ಲರೂ ಸಂತೋಷಪಡುತ್ತೇವೆ. ಆದರೆ ಒಂದು ಕೂಸಿಗೂ ಇನ್ನೊಂದು ಕೂಸಿಗೂ ಎಷ್ಟು ಅಂತರವಿರಬೇಕು, ಅದಕ್ಕಾಗಿ ಯಾವ ಉಪಾಯವನ್ನು ಅನುಸರಿಸಬಹುದು ಎಂಬ ಮಾತು ಬಂದ ಕೂಡಲೆ ತಲೆ ತಗ್ಗಿಸುತ್ತೇವೆ. ಬಾಯಿಬಿಟ್ಟು ಕೇಳದಿದ್ದರೂ ಅನೇಕರ ಮನಸ್ಸಿನಲ್ಲಿರುವ ಪ್ರಶ್ನೆ ಏನಂದರೆ: ಹಾರ್ಮೋನಿನ ಗುಳಿಗೆಯನ್ನೋ ಸೂಜಿಮದ್ದನ್ನೋ ತೆಗೆದುಕೊಳ್ಳುವದು ದೇವರು ನಿರ್ಮಿಸಿದ ದೇಹವನ್ನು ಕೆಡಿಸಿದಂತಾಗುವದಲ್ಲವೋ? ಹಾರ್ಮೋನಿಲ್ಲದ ಉಪಾಯವಾದರೆ ದೋಷವಿಲ್ಲವೋ? ಈ ಪ್ರಶ್ನೆಯನ್ನು ದೇವಭಯದಿಂದ ವಿಚಾರಿಸುವ.

ಮೊದಲನೆಯದಾಗಿ, ಸಂತಾನವನ್ನು ನಿಯಮಿಸುವದು ಕ್ರೈಸ್ತನಿಗೆ ತಕ್ಕದ್ದೋ? ಇದು ನಮ್ಮ ಸೀಮೆಗೆ ಹೊಸ ಪ್ರಶ್ನೆಯಲ್ಲ. 1930ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ, ಮೈಸೂರು ಸರಕಾರವು ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಸರಕಾರೀ ಆಸ್ಪತ್ರೆಗಳೊಳಗೆ ಸಂತಾನ ನಿಯಮನದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆಮಾಡಿತು. ಸರಕಾರವೇ ಮುಂದೆ ಬಂದು ಇಂಥ ಕೆಲಸ ಮಾಡಿದ್ದು ಲೋಕದಲ್ಲಿಯೇ ಮೊದಲೆಂದು ಹೇಳುವರು. ನಮ್ಮ ಕೃಷ್ಣರಾಜನಗರವು ಆ ಅರಸರ ಹೆಸರನ್ನೇ ಹೊತ್ತಿದೆ. ಅದೇ ವರುಷದ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಲ್ಯಾಂಬೆತ್ ಎಂಬಲ್ಲಿ ಕೂಡಿದ ಆಂಗ್ಲಿಕನ್ ಬಿಷಪರೊಳಗೆ 193 ಮಂದಿ ಸಮ್ಮತಿಸಿ 67 ಮಂದಿ ವಿರೋಧಿಸಲಾಗಿ, ತಕ್ಕ ಕಾರಣವಿದ್ದರೆ ದಂಪತಿಗಳು ಇಂಥ ಉಪಾಯಗಳನ್ನು ಉಪಯೋಗಿಸಬಹುದೆಂದೂ, ಸ್ವಾರ್ಥ ಸುಖಭೋಗಗಳಿಗಾಗಿ ಉಪಯೋಗಿಸುವದು ತಪ್ಪೆಂದೂ ತೀರ್ಮಾನವಾಯಿತು. ಆ ವರುಷದ ಕಡೆಯ ದಿನವೇ ರೋಮಿನ ಪೋಪರು ಇದಕ್ಕೆ ವಿರುದ್ಧವಾದ ಪತ್ರವನ್ನು ಹೊರಡಿಸಿದರು. ರೋಮನ್ ಕಥೋಲಿಕ ಸಹೋದರರು ಇಂದಿಗೂ ಆ ಬೋಧನೆಯನ್ನೇ ಹಿಡಿದಿದ್ದಾರೆ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಐಕ್ಯವಾದಾಗ ಈ ಪ್ರಾಂತದ ಆಂಗ್ಲಿಕನರೂ ಅದರಲ್ಲಿ ಕೂಡಿದ್ದರಿಂದ, ಲ್ಯಾಂಬೆತಿನ ಆ ವಿಚಾರಣೆಯು ನಮಗೆ ಅನ್ಯವಾದದ್ದಲ್ಲ.

ಆದಿಕಾಂಡದ ಮೂವತ್ತೆಂಟನೆಯ ಅಧ್ಯಾಯದಲ್ಲಿರುವ ಓನಾನನ ಕಥೆಯನ್ನು ತೋರಿಸಿ ಇದೆಲ್ಲಾ ಪಾಪವೆನ್ನುವವರುಂಟು. ಆ ಕಥೆಯನ್ನು ಮೊದಲಿಂದ ಓದಿ ನೋಡಿರಿ. ಸತ್ತ ಅಣ್ಣನ ಹೆಂಡತಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವವನಂತೆ ತೋರಿಸಿಕೊಂಡು, ಆಕೆಯನ್ನು ತನ್ನ ಸುಖಕ್ಕೆ ಮಾತ್ರ ಉಪಯೋಗಿಸಿ ವಂಚಿಸಿದ್ದೇ ಅವನ ದೋಷವು. ಅಂತರ ಬಿಡುವದೇ ಪಾಪವಾಗಿದ್ದರೆ, ಕಾವೇರಿಯ ನಾಲೆಯ ಕೆಳಗೆ ಅಂತರ ಬಿಟ್ಟು ಪೈರು ನಾಟಿಮಾಡುವ ರೈತನು ಬೆಳೆಯನ್ನು ದ್ವೇಷಿಸುವವನಾಗಬೇಕಷ್ಟೆ! ಒಂದು ಹೆರಿಗೆಯಾದ ಮೇಲೆ ಎರಡು ವರುಷವಾದರೂ ತಡೆದು ತಿರಿಗಿ ಗರ್ಭಧರಿಸುವದು ತಾಯಿಗೂ ಕೂಸಿಗೂ ಒಳ್ಳೆಯದೆಂದು ವೈದ್ಯರು ಬೋಧಿಸುತ್ತಾರೆ. ಮಕ್ಕಳು ಕರ್ತನ ವರವೆಂದು ನಂಬುವವರೇ ಆ ವರವನ್ನು ಸಾಕುವ ತಾಯಿಯ ಪ್ರಾಣವನ್ನೂ ಕಾಯತಕ್ಕದ್ದು.

ಎರಡನೆಯದಾಗಿ, ಉಪಾಯಗಳ ವಿಷಯ. ಹಾರ್ಮೋನು ಎಂಬದು ದೇಹದ ಗ್ರಂಥಿಗಳಲ್ಲಿ ಹುಟ್ಟಿ, ರಕ್ತದೊಡನೆ ಸಂಚರಿಸಿ, ಬೇರೆ ಬೇರೆ ಅಂಗಗಳಿಗೆ ಅಪ್ಪಣೆ ಕೊಡುವ ರಸವು. ದಿನಕ್ಕೊಂದರಂತೆ ನುಂಗುವ ‘ಮಾಲಾ-ಎನ್’ ಗುಳಿಗೆಯೂ, 2017ರಿಂದ ಸರಕಾರದ ವತಿಯಿಂದ ಧರ್ಮಾರ್ಥವಾಗಿ ದೊರೆಯುವ, ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ‘ಅಂತರಾ’ ಎಂಬ ಸೂಜಿಮದ್ದೂ ಈ ಜಾತಿಯವು. ಇವು ಮುಖ್ಯವಾಗಿ ಸ್ತ್ರೀಯ ಅಂಡವು ಹೊರಡದಂತೆ ತಡೆಯುತ್ತವೆ. ಆದರೆ ರಕ್ತದೊತ್ತಡ ಹೆಚ್ಚಾಗಿರುವವರಿಗೂ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರೋಗವಿದ್ದವರಿಗೂ, ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರಿಗೂ ಮಾಲಾ-ಎನ್ ತಕ್ಕದ್ದಲ್ಲ. ಸೂಜಿಮದ್ದಿನಿಂದ ಮುಟ್ಟು ಏರುಪೇರಾಗುವದುಂಟು. ಅದನ್ನು ಬಿಟ್ಟ ಮೇಲೆ ತಿರಿಗಿ ಗರ್ಭನಿಲ್ಲಲು ಅನೇಕ ತಿಂಗಳು ಹಿಡಿಯಬಹುದು.

ಹಾರ್ಮೋನಿಲ್ಲದವುಗಳಲ್ಲಿ ಗರ್ಭಕೋಶದೊಳಗೆ ಇಡುವ ತಾಮ್ರದ ‘ಕಾಪರ್-ಟಿ’, ಪುರುಷನು ಧರಿಸುವ ನಿರೋಧ್, ‘ಛಾಯಾ’ ಎಂಬ ಗುಳಿಗೆ, ಸ್ತ್ರೀಪುರುಷರ ಶಸ್ತ್ರಚಿಕಿತ್ಸೆಗಳು ಮುಖ್ಯವಾದವು. ಕಾಪರ್-ಟಿಯೊಳಗೆ ಐದು ವರುಷ ನಿಲ್ಲುವದೂ ಹತ್ತು ವರುಷ ನಿಲ್ಲುವದೂ ಉಂಟು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಂದ ವೈದ್ಯಶಾಲೆಗೆ ಪದೇ ಪದೇ ಬರಲಾರದವಳಿಗೆ ಇದು ಅನುಕೂಲವು. ಆದರೆ ಮೊದಲ ತಿಂಗಳುಗಳಲ್ಲಿ ಮುಟ್ಟಿನ ರಕ್ತಸ್ರಾವವೂ ನೋವೂ ಹೆಚ್ಚಾಗುವದರಿಂದ, ರಕ್ತಹೀನತೆಯಿಂದ ಬಿಳಿಚಿಕೊಂಡಿರುವವಳು ವೈದ್ಯರನ್ನು ಕೇಳದೆ ಇದಕ್ಕೆ ಒಪ್ಪಬಾರದು. ನಿರೋಧ್ ಒಂದೇ ರೋಗಗಳಿಂದಲೂ ಕಾಪಾಡುವದು. ಸಾಮಾನ್ಯ ಬಳಕೆಯಲ್ಲಿ ನೂರು ಮಂದಿಯೊಳಗೆ ಒಂದು ವರುಷದಲ್ಲಿ ಗರ್ಭನಿಲ್ಲುವದು ಕಾಪರ್-ಟಿಯಿಂದ ಒಬ್ಬರಿಗಿಂತ ಕಡಿಮೆ, ಸೂಜಿಮದ್ದಿನಿಂದ ಸುಮಾರು 4, ಗುಳಿಗೆಯಿಂದ ಸುಮಾರು 7, ನಿರೋಧಿನಿಂದ ಸುಮಾರು 13 ಎಂದು ಲೆಕ್ಕವುಂಟು.

ಲಖನೌ ಪಟ್ಟಣದ ಸಂಶೋಧನಾಲಯದಲ್ಲಿ ಕಂಡುಹಿಡಿಯಲ್ಪಟ್ಟ ಛಾಯಾ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡರಂತೆ, ಆಮೇಲೆ ವಾರಕ್ಕೆ ಒಂದರಂತೆ ನುಂಗತಕ್ಕದ್ದು. ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಈ ಗುಳಿಗೆಯು ಹಾರ್ಮೋನಲ್ಲ. ಆದರೂ ಹಾರ್ಮೋನು ಅಪ್ಪಣೆ ಕೊಡುವ ಸ್ಥಳವನ್ನೇ ತಾನು ಹಿಡಿದುಕೊಂಡು, ಪುರುಷಬೀಜದೊಡನೆ ಕೂಡಿದ ಅಂಡವು ಗರ್ಭಕೋಶದಲ್ಲಿ ನೆಲೆಗೊಳ್ಳದಂತೆ ತಡೆಯುವದು. ಬೀಜವೂ ಅಂಡವೂ ಕೂಡಿದ ಕ್ಷಣದಿಂದಲೇ ಜೀವವೆಂದು ನಂಬುವ ವಿಶ್ವಾಸಿಗೆ ಸಂದೇಹ ಬರತಕ್ಕದ್ದು ಈ ಹಾರ್ಮೋನಿಲ್ಲದ ಗುಳಿಗೆಯ ವಿಷಯದಲ್ಲಿಯೇ ಹೊರತು, ಅಂಡವನ್ನೇ ಹೊರಡಿಸದ ಸೂಜಿಮದ್ದಿನ ವಿಷಯದಲ್ಲಿ ಅಷ್ಟಾಗಿ ಅಲ್ಲ. ಹಾಗೆ ನಂಬದೆ, ಗರ್ಭವು ನೆಲೆಗೊಂಡ ಮೇಲೆಯೇ ಗರ್ಭವೆನ್ನುವ ವೈದ್ಯರ ಎಣಿಕೆಯನ್ನು ಒಪ್ಪುವವರಿಗೆ ಇದರಲ್ಲಿ ಅಡ್ಡಿಯಿಲ್ಲ. ಇದರಿಂದ ತಿಳಿಯತಕ್ಕದ್ದೇನು? ಹಾರ್ಮೋನು ಉಂಟೋ ಇಲ್ಲವೋ ಎಂಬದು ದೇಹಕ್ಕೆ ಸಂಬಂಧಪಟ್ಟ ಪ್ರಶ್ನೆ, ವೈದ್ಯರು ಹೇಳತಕ್ಕದ್ದು. ಪಾಪಪುಣ್ಯಗಳ ಗೆರೆಯು ಆ ಸ್ಥಳದಲ್ಲಿ ಎಳೆಯಲ್ಪಟ್ಟಿಲ್ಲ.

ಹಾಗಾದರೆ ಅದು ಎಲ್ಲಿದೆ? ಮೂರನೆಯದಾಗಿ ಇದನ್ನೇ ಹೇಳಬೇಕಾಗಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಪೌಲನು ಹೆಂಡತಿಯ ದೇಹದ ಮೇಲೆ ಗಂಡನಿಗಿರುವ ಅಧಿಕಾರವನ್ನು ಹೇಳಿದ ಬಾಯಿಂದಲೇ, ಗಂಡನ ದೇಹದ ಮೇಲೆ ಹೆಂಡತಿಗಿರುವ ಅಧಿಕಾರವನ್ನೂ ಹೇಳುತ್ತಾನೆ. ಅಗಲಿರುವದಾದರೂ ಇಬ್ಬರ ಸಮ್ಮತಿಯಿಂದಲೇ ಆಗಬೇಕೆನ್ನುತ್ತಾನೆ. ನಾವೋ ಮೊದಲನೆಯ ಮಾತನ್ನು ನೆನಪಿನಲ್ಲಿಟ್ಟು ಎರಡನೆಯದನ್ನು ಮರೆತಿದ್ದೇವೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಸ್ತ್ರೀಯರೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರೊಳಗೆ ನೂರಕ್ಕೆ ಒಬ್ಬನೂ ಇಲ್ಲ. ಪುರುಷನ ಚಿಕಿತ್ಸೆಯಾದರೋ ಹೊಟ್ಟೆಯನ್ನು ಕೊಯ್ಯದೆ ಮಾಡುವ ಚಿಕ್ಕ ಚಿಕಿತ್ಸೆ, ಅದೇ ದಿನ ಮನೆಗೆ ಬರಬಹುದು, ಪುರುಷತ್ವವು ಕುಂದುವದಿಲ್ಲ, ಮೂರು ತಿಂಗಳು ಮಾತ್ರ ಬೇರೆ ಉಪಾಯವನ್ನು ಅನುಸರಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. 1975ರಿಂದ 1977ರ ವರೆಗಿನ ತುರ್ತುಪರಿಸ್ಥಿತಿಯಲ್ಲಿ ಅನೇಕ ಗಂಡಸರಿಗೆ ಬಲಾತ್ಕಾರದಿಂದ ಇದನ್ನು ಮಾಡಿದ್ದು ಅನ್ಯಾಯವೇ. ಆದರೆ ಆ ಭಯವನ್ನು ಇಂದಿನ ವರೆಗೂ ನೆಪವಾಗಿಟ್ಟುಕೊಂಡು ಹೆಂಡತಿಯನ್ನೇ ಮುಂದಕ್ಕೆ ತಳ್ಳುವದು ನ್ಯಾಯವೋ?

ಒಬ್ಬ ಸಹೋದರಿಯನ್ನು ಊಹಿಸಿಕೊಳ್ಳಿರಿ. ಆಕೆ ಹುಣಸೂರಿನ ಕಡೆ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಎಲೆ ಕಟ್ಟುವ ಕೂಲಿಯವಳು. ಮೂರು ಹೆಣ್ಣುಮಕ್ಕಳ ತಾಯಿ. ಗಂಡುಕೂಸು ಆಗಲೇಬೇಕೆಂದು ಗಂಡನೂ ಅತ್ತೆಯೂ ಹಟಹಿಡಿದಿದ್ದಾರೆ. ಸಂತೆಯ ನೆವದಿಂದ ಆಕೆ ಹೋಗಿ ಯಾರಿಗೂ ಹೇಳದೆ ಸೂಜಿಮದ್ದು ಚುಚ್ಚಿಸಿಕೊಂಡು ಬರುತ್ತಾಳೆ. ಮೂರು ತಿಂಗಳಿಗೊಂದು ಸುಳ್ಳು. ಕರ್ತನ ಭೋಜನಕ್ಕೆ ಬಂದಾಗೆಲ್ಲಾ ಎದೆಯಲ್ಲಿ ಚುಚ್ಚು. ಈಕೆ ಸುಳ್ಳುಗಾರಳೆಂದು ಸಭೆಯ ಹಿರಿಯರು ತೀರ್ಪುಮಾಡಬಹುದೋ? ಗುಟ್ಟು ದಾಂಪತ್ಯಕ್ಕೆ ಗಾಯವೆಂಬದು ನಿಜ. ಆದರೆ ಆ ಮನೆಯಲ್ಲಿ ಸತ್ಯವನ್ನು ಭಯವಿಲ್ಲದೆ ನುಡಿಯಲು ಸ್ಥಳವಿಲ್ಲದಂತೆ ಮಾಡಿದವನು ಮೊದಲು ಲೆಕ್ಕ ಒಪ್ಪಿಸಬೇಕು. ಆಕೆ ಬಚ್ಚಿಟ್ಟದ್ದು ತನ್ನ ಪ್ರಾಣವನ್ನು. ಅವನು ಬಚ್ಚಿಟ್ಟದ್ದು ತನ್ನ ಕರ್ತವ್ಯವನ್ನು.

ಸಹೋದರರೇ, ಗಲಾತ್ಯದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವು ಪರರ ಭಾರವನ್ನು ಹೊರುವವನೇ ಕ್ರಿಸ್ತನ ನಿಯಮವನ್ನು ನೆರವೇರಿಸುವವನೆಂದು ಕಲಿಸುತ್ತದೆ. ಈ ಭಾರವೂ ಅದರಲ್ಲಿ ಸೇರಿದ್ದೇ. ಆದಕಾರಣ ಈ ವಾರವೇ ನಿಮ್ಮ ಹೆಂಡತಿಯ ಸಂಗಡ ಕೂತು, ಆಕೆಯ ಮನಸ್ಸಿನಲ್ಲಿ ಏನಿದೆಯೆಂದು ಕೇಳಿರಿ. ಕೇಳಿದ ಮೇಲೆ ಕೋಪಿಸಿಕೊಳ್ಳಬೇಡಿರಿ. ಪಿರಿಯಾಪಟ್ಟಣವಾಗಲಿ ಸರಗೂರಾಗಲಿ, ನಿಮಗೆ ಹತ್ತಿರವಾದ ವೈದ್ಯಶಾಲೆಗೆ ಇಬ್ಬರೂ ಕೂಡಿ ಹೋಗಿರಿ. ಆಕೆಯನ್ನು ಒಬ್ಬಳನ್ನೇ ಕಳುಹಿಸಬೇಡಿರಿ. ಹಾರ್ಮೋನಿನದೋ ಹಾರ್ಮೋನಿಲ್ಲದ್ದೋ, ಆಕೆಯ ದೇಹಕ್ಕೆ ಯಾವದು ಒಗ್ಗುವದೆಂದು ವೈದ್ಯರು ಹೇಳುವರು. ಆಕೆಯ ದೇಹಕ್ಕೆ ಯಾವದೂ ಒಗ್ಗದಿದ್ದರೆ, ನಿಮ್ಮ ಸ್ವಂತ ದೇಹವು ಉಂಟಲ್ಲವೇ? ಇದನ್ನು ನೆನಪಿಗೆ ತರುವ ಧೈರ್ಯವನ್ನೂ ನೆರವೇರಿಸುವ ಪ್ರೀತಿಯನ್ನೂ ಕರ್ತನು ನಮ್ಮೆಲ್ಲರಿಗೂ ದಯಪಾಲಿಸಲಿ.